ಬಟನ್ ಕಟ್ಟಿದ ಗಿಡಗಳು

ಮನೆಯಿಂದ,
ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಅತ್ತೆಯವರಿಗೆ,

ಸೊಸೆಯ ನಮಸ್ಕಾರಗಳು. ಎಡಗಣ್ಣು ಈಗ ಹೇಗಿದೆ? ಹನಿ ಹಾಕಿದಾಗ ಉರಿಯುವುದು ಕಡಿಮೆಯಾಯಿತೇ? ಬೆಳಕು ಚುಚ್ಚುವುದು ನಿಂತಿತೇ? ಬಗ್ಗಬೇಡಿ, ಭಾರ ಎತ್ತಬೇಡಿ ಎಂದು ಬುದ್ಧಿ ಹೇಳಿದ ಕಣ್ಣಿನ ಡಾಕ್ಟರಿಗೆ ನೀವೇ ತಿರುಗಿ ಬುದ್ಧಿ ಹೇಳಿ ಬಂದಿರಂತೆ, 'ಮೊದ್ಲು ನೀವು ನೆಟ್ಟಗೆ ಕೂತ್ಕೊಳ್ಳಿ, ಬೆನ್ನು ಬಿಲ್ಲಾಗಿದೆ' ಎಂದು. ಅತ್ತಿಗೆ ಫೋನಿನಲ್ಲಿ ಇದನ್ನು ಹೇಳುತ್ತಾ ನಕ್ಕಿದ್ದೇ ನಕ್ಕಿದ್ದು. ಪಟ್ಟಿ ಬಿಚ್ಚಿದ ಮೇಲೆ ನೀವು ಮೊಟ್ಟಮೊದಲು ನೋಡಿದ್ದು ಮಗಳ ಮುಖವನ್ನಲ್ಲ, ಅವರ ಮನೆಯ ಸೂರಿನ ಮೂಲೆಯಲ್ಲಿದ್ದ ಜೇಡರ ಬಲೆಯನ್ನು ಎಂದೂ ತಿಳಿಯಿತು. ಅಂದರೆ ಕಣ್ಣು ಚೆನ್ನಾಗಿ ಬಂದಿದೆ ಎಂದೇ ಅರ್ಥ. ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮ ಮಗ ತಾನು ಇಳಿದುಹೋಗಿದ್ದೇನೆ ಎಂದು ನಿಮ್ಮ ಹತ್ತಿರ ಹೇಳಿಕೊಂಡಿದ್ದರೆ ನಂಬಬೇಡಿ, ನಮ್ಮ ತೂಕದ ಯಂತ್ರ ಕೆಟ್ಟಿದೆ.

ಫೋನ್ ಇರುವಾಗ ಇವಳಿಗೆ ಕಾಗದದ ಚಟ ಯಾಕೆ ಹತ್ತಿತು ಎನ್ನುತ್ತೀರಿ. ನಿಮ್ಮ ಫೋನಿನ ಪದ್ಧತಿಯೇ ಕಾರಣ ಅತ್ತೆ. ನಿಮಗೆ ಬೇಕಾದ ಒಂದು ಮಾತನ್ನು ಆ ಊರಿನಿಂದ ಈ ಊರಿಗೆ ಫೋನೇ ಇಲ್ಲದೆ ಕೇಳಿಸುವಷ್ಟು ಜೋರಾಗಿ ಹೇಳುತ್ತೀರಿ, ನಮ್ಮ ಮಾತು ಶುರುವಾಗುವ ಹೊತ್ತಿಗೆ ಇಟ್ಟುಬಿಡುತ್ತೀರಿ. ನಿನ್ನೆ ಆಗಿದ್ದೂ ಅದೇ. ನಿಮ್ಮ ಮಗ ಅರ್ಧ ಸುದ್ದಿ ಹೇಳಿದರು, 'ಅಮ್ಮಾ, ಗಿಡದ ಬಟನ್‌ಗಳನ್ನೆಲ್ಲ ಬಿಚ್ಚಿಬಿಟ್ಟೆ' ಎಂದು. ನೀವು 'ಈ ವಾರವೇ ಹೊರಟು ಬರ್ತೀನಿ, ಇನ್ನೊಂದು ಕಣ್ಣು ಯಾರಿಗೆ ಬೇಕು, ಒಂದಿದೆಯಲ್ಲ' ಎಂದು ಕಟ್ ಮಾಡಿದಿರಿ. ಅತ್ತಿಗೆ ಆಮೇಲೆ ಗುಟ್ಟಾಗಿ ಫೋನ್ ಮಾಡಿ, ನೀವು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದೀರಿ ಎಂದರು. ಗುರುವಾರ ಬಲಗಣ್ಣಿನ ಆಪರೇಷನ್. ಆ ಕಣ್ಣಿನ ಪೊರೆ ಬಲಿತು ಗಟ್ಟಿಯಾಗುತ್ತಿದೆ, ಇನ್ನೂ ತಳ್ಳುತ್ತಾ ಹೋದರೆ ನಾನು ಯಾವ ಮಾತೂ ಕೊಡಲಾರೆ ಎಂದು ಡಾಕ್ಟರು ನಮ್ಮೆಲ್ಲರ ಎದುರಿಗೇ ಹೇಳಿದ್ದಾರೆ. ಆದ್ದರಿಂದ ಈ ಕಾಗದ. ಇದನ್ನು ಅತ್ತಿಗೆ ಓದುತ್ತಾರೆ, ನೀವು ಕಟ್ ಮಾಡುವ ಹಾಗಿಲ್ಲ. ಅತ್ತಿಗೆ, ದಯವಿಟ್ಟು ಒಂದು ಸಾಲನ್ನೂ ಹಾರಿಸಬೇಡಿ, ನಿಮ್ಮ ತಮ್ಮನನ್ನು ಬೈದಿರುವ ಕಡೆ ಕೂಡ.

ಮೊದಲು ಆದ ಅನಾಹುತವನ್ನೇ ಹೇಳುತ್ತೇನೆ. ನೀವು ಹೋದ ಕೆಲವು ದಿನಕ್ಕೆ ನಿಮ್ಮ ಮಗನ ಯೂನಿಫಾರ್ಮ್ ಕೋಟಿನ ಬಟನ್ ಒಂದು ಕಿತ್ತುಹೋಯಿತು. ಶಾಲೆಯ ವ್ಯಾನ್ ಓಡಿಸುವವರು ಕೋಟು ತೆರೆದುಕೊಂಡು ಹೋದರೆ ಹೆಡ್ ಮೇಡಂ ಸುಮ್ಮನಿರುತ್ತಾರೆಯೇ? ಹಿತ್ತಲಿಗೆ ಹಲ್ಲುಜ್ಜಲು ಹೋದಾಗ ಒಂದೊಂದು ಗಿಡದ ಪಕ್ಕದ ಕಡ್ಡಿಗೂ ದಾರದಲ್ಲಿ ಒಂದೊಂದು ಬಟನ್ ತೂಗುತ್ತಿರುವುದು ಕಾಣಿಸಿತಂತೆ. ಹಕ್ಕಿ ಹೆದರಿಸಲು ಅಮ್ಮ ಕಟ್ಟಿರಬೇಕು, ಹೇಗೂ ಹೆದರುವ ಹಕ್ಕಿ ಒಂದೂ ಇಲ್ಲ ಎಂದುಕೊಂಡು, ತನಗೆ ಬೇಕಾದ ಒಂದನ್ನು ಇಟ್ಟುಕೊಂಡು, ಮಿಕ್ಕ ಎಲ್ಲವನ್ನೂ ಬಿಚ್ಚಿ, ಸೋಪು ಹಾಕಿ ತೊಳೆದು, ನಿಮ್ಮ ಹೊಲಿಗೆಯ ಬಟನ್ ಡಬ್ಬಿಗೆ ಸುರಿದುಬಿಟ್ಟರು. ತೊಳೆದದ್ದನ್ನು ನನಗೆ ಬಂದು ಹೇಳಿದ್ದು ಬಹುಮಾನ ಸಿಗುತ್ತದೆ ಎಂಬ ಮುಖದಲ್ಲಿ. ಒಂದು ಆಯುಷ್ಯದ ಹೊಲಿಗೆಯಲ್ಲಿ ಉಳಿದ ಬಟನ್‌ಗಳೆಲ್ಲ ಇರುವ ಡಬ್ಬಿ ಅದು. ಹೊಳೆಗೆ ಒಂದು ಚೊಂಬು ನೀರು ಸುರಿದು ಆ ನೀರನ್ನೇ ಹುಡುಕಿ ತಾ ಎಂದರೆ ಯಾರು ತರುತ್ತಾರೆ? ಹೆತ್ತವರಿಗೆ ಹೆಗ್ಗಣ ಮುದ್ದು, ನೀವು ಅವರನ್ನು ಇಷ್ಟರಲ್ಲೇ ಕ್ಷಮಿಸಿರುತ್ತೀರಿ, ನನಗೆ ಗೊತ್ತು. ನನಗೆ ಮೂರು ದಿನ ಬೇಕಾಯಿತು.

ನಿಜ ಹೇಳಬೇಕೆಂದರೆ ಆ ಬಟನ್‌ಗಳು ಯಾಕೆ ಎಂದು ನನಗೂ ಗೊತ್ತಿರಲಿಲ್ಲ. ಹಿತ್ತಲು ನಿಮ್ಮ ರಾಜ್ಯ, ಬಟ್ಟೆ ಒಣಹಾಕುವ ಹಗ್ಗದವರೆಗೆ ಮಾತ್ರ ನನಗೆ ಅಪ್ಪಣೆ. ಆದರೆ ಬರಿದಾದ ದಾರಗಳನ್ನು ನೋಡುತ್ತಾ ನಿಂತಾಗ, ನೀವು ಬೆಳಿಗ್ಗೆ ಬೆಳಿಗ್ಗೆ ಸಾಲಿನುದ್ದಕ್ಕೂ ಬಗ್ಗಿಕೊಂಡು ಹೋಗುವುದು ನೆನಪಾಯಿತು. ಒಂದೊಂದು ಕಡ್ಡಿಯ ಹತ್ತಿರವೂ ಬೆರಳಲ್ಲಿ ಏನನ್ನೋ ಮುಟ್ಟಿ, 'ಇದು ಮೇಷ್ಟ್ರದು, ಇದು ಬೇಕರಿಯವಳದು' ಎಂದು ಗೊಣಗುತ್ತಿದ್ದಿರಿ. ವಯಸ್ಸಾದವರು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಮೇಷ್ಟ್ರ ಕೋಟಿನ ದಪ್ಪ ಕಂದು ಬಟನ್, ಬೇಕರಿಯಾಕೆಯ ರವಿಕೆಯ ಮುತ್ತಿನಂಥ ಬಟನ್. ಬೀದಿಯವರ ಬಟ್ಟೆಯೆಲ್ಲ ಹೊಲಿಯುವವರು ನೀವು, ಗಿಡ ಕೊಟ್ಟವರ ಬಟನ್ ಅವರು ಕೊಟ್ಟ ಗಿಡಕ್ಕೆ. ಮೊದಲು ಗಿಡಕ್ಕೆ ಕಟ್ಟುತ್ತಿದ್ದ ಚೀಟಿಯ ಮೇಲಿನ ಅಕ್ಷರ ಕಾಣುವುದು ನಿಂತುಹೋಗಿ ಎಷ್ಟು ಕಾಲವಾಯಿತು ಅತ್ತೆ? ಒಂದೇ ಮನೆಯಲ್ಲಿದ್ದುಕೊಂಡು ನಮಗೆ ಸುಳಿವೂ ಕೊಡಲಿಲ್ಲ ನೀವು. ಆವತ್ತು ಅಲ್ಲಿ ನಿಂತಿದ್ದಾಗ ಆ ದಾರಗಳನ್ನು ನಾನೂ ಬೆರಳಲ್ಲಿ ಮುಟ್ಟಿ ನೋಡಿದೆ. ಸಿಟ್ಟೂ ಬಂತು. ಈ ಹೆಂಗಸಿಗೆ ಎಷ್ಟು ಜಂಬ ಎಂದು ಬಾಯಿಬಿಟ್ಟೇ ಬೈದೆ, ಮಲಗಿದ್ದ ಬೆಕ್ಕು ಎದ್ದುಹೋಯಿತು.

ಬೈದದ್ದಾಯಿತು, ಇನ್ನು ಮಾಡುವುದೇನು? ನಮ್ಮ ಲಾಂಡ್ರಿಯಲ್ಲಿ ಚೀಟಿ ಉದುರಿಹೋದ ಬಟ್ಟೆಗೆ ಒಂದು ಕ್ರಮವಿದೆ. ಅದನ್ನು ಬೇರೆ ಬಟ್ಟೆಯ ಜೊತೆ ಸೇರಿಸುವುದಿಲ್ಲ, ಎಸೆಯುವುದಿಲ್ಲ, ಮೊದಲು ಅದಕ್ಕೊಂದು ಹೊಸ ಚೀಟಿ ಹೊಲಿದು 'ಗೊತ್ತಿಲ್ಲ' ಎಂದು ಬರೆದು ಬೇರೆ ಇಡುತ್ತೇವೆ. ಅದನ್ನೇ ಮಾಡಿದೆ. ಎಷ್ಟು ಒಗೆದರೂ ಹೋಗದ ಶಾಯಿಯನ್ನೂ, ಚೀಟಿಗೆ ಬಳಸುವ ಬಿಳಿ ಪಟ್ಟಿಯನ್ನೂ ಯಜಮಾನಿಯನ್ನು ಕೇಳಿ ತಂದೆ. ಕುಂಡ, ಬಕೀಟು, ಬಣ್ಣದ ಡಬ್ಬಿ, ತೂತು ಬಿದ್ದ ಪಾತ್ರೆ, ಎಲ್ಲದಕ್ಕೂ ಒಂದೊಂದು ಪಟ್ಟಿ ಕಟ್ಟಿ, ಗಿಡ ನಿಂತಿರುವ ಜಾಗ, ಎಲೆಯ ಆಕಾರ, ವಾಸನೆ, ಕೆಳಗೆ 'ಗೊತ್ತಿಲ್ಲ'. ಮೊದಲ ದಿನ ಹಿತ್ತಲು ತುಂಬ 'ಗೊತ್ತಿಲ್ಲ' ಹಾರಾಡುತ್ತಿದ್ದವು. ಪುದೀನ, ಕೊತ್ತಂಬರಿ, ಲೋಳೆಸರ ಮಾತ್ರ ನನಗೇ ಗೊತ್ತಾದವು. ಅಷ್ಟಕ್ಕೇ ಬೆನ್ನು ತಟ್ಟಿಕೊಂಡೆ.

ನಿಮ್ಮ ಮಗ ಪ್ರಾಯಶ್ಚಿತ್ತಕ್ಕೆಂದು ಫೋನಿಗೆ ಒಂದು ಆ್ಯಪ್ ಹಾಕಿಕೊಂಡು ಬಂದರು. ಎಲೆಯ ಫೋಟೊ ತೆಗೆದರೆ ಹೆಸರು ಹೇಳುತ್ತದಂತೆ. ಹೇಳುತ್ತದೆ, ಹೇಳುವುದಿಲ್ಲ ಎನ್ನುವಂತಿಲ್ಲ. ಆದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, 'ಇದಾಗಿರಬಹುದು, ಅದೂ ಆಗಿರಬಹುದು' ಎಂದು. ಒಂದೇ ಗಿಡವನ್ನು ಬೆಳಿಗ್ಗೆ ಮೆಣಸಿನ ಸಸಿ ಎಂದಿತು, ಸಂಜೆ ವಿಷದ ಗಿಡ, ಮುಟ್ಟಬೇಡಿ ಎಂದಿತು. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ನೀರಿನ ನಲ್ಲಿಯ ಪಕ್ಕದಲ್ಲಿ ಸೊಂಪಾಗಿ ಎದ್ದ ಒಂದನ್ನು 'ಅಪರೂಪದ ಅಲಂಕಾರದ ಗಿಡ' ಎಂದುಬಿಟ್ಟಿತು. ನಿಮ್ಮ ಮಗ ಅದಕ್ಕೆ ಕೋಲು ನೆಟ್ಟು, ನೆರಳು ಕಟ್ಟಿ, ದಿನಾ ಮಾತಾಡಿಸಿ ನೀರು ಹಾಕಿದ್ದೇ ಹಾಕಿದ್ದು. ಎದುರುಮನೆ ಅಜ್ಜಿ ಬಂದವರು ಅದನ್ನು ನೋಡಿ, 'ಈ ಕಳೆಗೆ ಯಾಕಪ್ಪಾ ಇಷ್ಟು ಉಪಚಾರ?' ಎಂದು ಸರಕ್ಕನೆ ಕಿತ್ತು ಗೋಡೆಯಾಚೆ ಎಸೆದರು.

ಆಮೇಲೆ ನಾನೇ ಹೊರಟೆ. ಒಂದೊಂದು ಗಿಡದ ಒಂದೊಂದು ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಲಾಂಡ್ರಿಯಿಂದ ಬರುವ ದಾರಿಯಲ್ಲಿ ದಿನಕ್ಕೊಂದು ಮನೆ. ಅಯ್ಯೋ ಅತ್ತೆ, ನಮ್ಮ ಬೀದಿಯ ಜನರನ್ನು ಏನು ಹೇಳಲಿ! ಚೆನ್ನಾಗಿ ಬೆಳೆದ ಮೆಣಸಿನ ಗಿಡಕ್ಕೆ ಇಬ್ಬರು ವಾರಸುದಾರರು. 'ಅದು ನಾನೇ ಕೊಟ್ಟಿದ್ದು, ನಮ್ಮ ಮನೆ ತಳಿ' ಎಂದು ಬೇಕರಿಯಾಕೆ, 'ಅಲ್ಲ, ನಂದು' ಎಂದು ಮೇಷ್ಟ್ರು. ಗೆದ್ದೆತ್ತಿನ ಬಾಲ ಹಿಡಿಯಲು ಎಲ್ಲರೂ ಮುಂದೆ. ಬಾಡಿ ನಿಂತಿದ್ದ ಸೇವಂತಿಗೆಯನ್ನು ಕೊಟ್ಟವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಎರಡು ದಿನ ಹೀಗೆ ತಲೆ ಕೆಡಿಸಿಕೊಂಡ ಮೇಲೆ ನನ್ನ ದಡ್ಡತನ ನನಗೇ ಹೊಳೆಯಿತು. ಲಾಂಡ್ರಿಯಲ್ಲಿ ಚೀಟಿ ಕಳೆದುಕೊಂಡವರು ಬಂದರೆ ನಾವು ಬಟ್ಟೆ ತೋರಿಸಿ 'ಇದು ನಿಮ್ಮದಾ?' ಎಂದು ಎಂದಾದರೂ ಕೇಳುತ್ತೇವೆಯೇ? ರೇಷ್ಮೆ ತೋರಿಸಿದರೆ ಯಾರು ಇಲ್ಲ ಎನ್ನುತ್ತಾರೆ? ಮೊದಲು ಬಣ್ಣ ಹೇಳಿ, ಎಲ್ಲಿ ಹರಿದಿತ್ತು, ಎಲ್ಲಿ ಕಲೆ ಇತ್ತು ಹೇಳಿ ಎನ್ನುತ್ತೇವೆ, ಬಟ್ಟೆ ಹೊರಗೆ ಬರುವುದು ಆಮೇಲೆ. ಮಾರನೆಯ ದಿನದಿಂದ ಎಲೆಯನ್ನು ಚೀಲದಲ್ಲೇ ಇಟ್ಟುಕೊಂಡು, ನಮ್ಮತ್ತೆಗೆ ನೀವು ಏನು ಕೊಟ್ಟಿರಿ, ಕಡ್ಡಿಯೋ ಬೀಜವೋ, ಎಲೆ ನುಣುಪೋ ಒರಟೋ ಎಂದು ಮೊದಲು ಕೇಳತೊಡಗಿದೆ. ಆಗ ನೋಡಿ, ಎಲ್ಲರ ಬಾಯಿಂದಲೂ ಸತ್ಯ ಬಂತು. ಮೆಣಸು ಮೇಷ್ಟ್ರದೇ. ಬೇಕರಿಯಾಕೆ ಕೊಟ್ಟದ್ದು ಆ ಬಾಡಿದ ಸೇವಂತಿಗೆ. ಪಾಪ, ಗೊತ್ತಾದ ಮೇಲೆ ದಿನಾ ಬಂದು ಅದನ್ನು ನೋಡಿಕೊಂಡು ಹೋಗುತ್ತಾರೆ. ಈಗ ತಲೆ ಎತ್ತಿದೆ.

ನಿಮಗೆ ಸುಳ್ಳು ಬರೆಯುವುದಿಲ್ಲ. ಎರಡು ಗಿಡ ಹೋದವು. ಗೋಡೆಯ ಪಕ್ಕದ ಟೊಮೇಟೊ ಬಿಸಿಲಿಗೆ, ಇನ್ನೊಂದು ಎದುರುಮನೆ ಅಜ್ಜಿ ಕೊಟ್ಟ ದಾಸವಾಳದ ಕಡ್ಡಿ, ಬೇರೇ ಬಿಟ್ಟಿರಲಿಲ್ಲ. ಅಜ್ಜಿ ಬೇರೆ ಕಡ್ಡಿ ಕೊಡುತ್ತೇನೆ ಎಂದಿದ್ದಾರೆ. ಗುಲಾಬಿಯ ಕಡ್ಡಿಗಳು ಎಲ್ಲ ಒಂದೇ ಥರ ಬೋಳಾಗಿ ನಿಂತಿವೆ, ಅವು ಯಾರ ಮನೆಯವು ಎಂದು ದೇವರಾಣೆಗೂ ಗೊತ್ತಾಗಲಿಲ್ಲ. ಅವುಗಳ ಮೇಲೆ 'ಗುಲಾಬಿ, ಹೂ ಬಿಟ್ಟಾಗ ಹೇಳುತ್ತದೆ' ಎಂದು ಬರೆದಿದ್ದೇನೆ. ಮಿಕ್ಕದ್ದೆಲ್ಲ ಸರಿಯಾಗಿದೆ. ಒಂದೇ ಒಂದನ್ನು ಬಿಟ್ಟು.

ಆ ಒಂದರ ಮಾತಿಗೆ ಬರುತ್ತೇನೆ. ನೀರಿನ ಡ್ರಮ್ಮಿನ ಹಿಂದೆ, ಗಾಳಿ ತಾಗದ ಮೂಲೆಯಲ್ಲಿ, ಬಿರುಕು ಬಿಟ್ಟ ಬಣ್ಣದ ಡಬ್ಬಿಯಲ್ಲಿ ಒಂದು ಗಿಡ. ಎಲೆಯ ಅಂಚು ಕತ್ತರಿಸಿದ ಹಾಗೆ, ಮೈತುಂಬ ಸಣ್ಣ ರೋಮ. ಬೀದಿಯಲ್ಲಿ ಒಬ್ಬರೂ ಅದನ್ನು ಕೊಟ್ಟಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಹಾಕಿ ಮಾಡಿ 'ಈ ಕಡೆಯದಲ್ಲ' ಎಂದರು. ಆ್ಯಪ್ ಅದರ ಬಗ್ಗೆ ಬಾಯಿ ಬಿಡಲೇ ಇಲ್ಲ. ಕಳೆಯಿರಬೇಕು, ಕಿತ್ತುಬಿಡೋಣ ಎಂದರು ನಿಮ್ಮ ಮಗ, ಒಂದು ಸಲ ಅವಮಾನವಾದವರಲ್ಲವೇ. ನಾನೂ ಹೂಂ ಎಂದು ಕೈ ಹಾಕಿದೆ. ಎಲೆ ಬೆರಳಿಗೆ ಸಿಕ್ಕಿ ನಜ್ಜಾಯಿತು. ನಿಂಬೆಹಣ್ಣಿನ ವಾಸನೆ. ಬರೀ ನಿಂಬೆಯಲ್ಲ, ನಿಂಬೆಯ ಜೊತೆ ಸ್ವಲ್ಪ ಸೋಪು, ಸ್ವಲ್ಪ ಬಿಸಿಲು. ನನ್ನಮ್ಮನ ಅಡುಗೆಮನೆಯ ಕಿಟಕಿ ತೆರೆದರೆ ಬರುತ್ತಿದ್ದ ವಾಸನೆ ಅದು. ಕೀಳಲು ಹಾಕಿದ ಕೈಯನ್ನು ಹಿಂದಕ್ಕೆ ತೆಗೆದೆ ಅತ್ತೆ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮನ ಮನೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ಅದರ ಒಂದು ಕಡ್ಡಿ ತಂದಿದ್ದೆ. ಅದರ ಹೆಸರು ಅಮ್ಮನಿಗೂ ಗೊತ್ತಿರಲಿಲ್ಲ, 'ಕಿಟಕಿ ಗಿಡ' ಎನ್ನುತ್ತಿದ್ದಳು. ದಾರಿಯಲ್ಲಿ ಬಸ್ಸಿನ ಬಿಸಿಗೆ ಅದು ಕಪ್ಪಾಗಿತ್ತು. ನೀವು ಕೈಯಲ್ಲಿ ಹಿಡಿದು ನೋಡಿ 'ಇದು ಬದುಕೋದಲ್ಲಮ್ಮ, ಹೋಯ್ತು' ಎಂದಿರಿ. ನಾನು ಹೊಸ ಸೊಸೆ, ಏನು ಹೇಳಲಿ, ಎಸೆದಿರಬೇಕು ಎಂದುಕೊಂಡೆ. ಆಮೇಲೆ ಅಮ್ಮ ಹೋದಳು, ಆ ಮನೆ ಬೇರೆಯವರ ಪಾಲಾಯಿತು, ಕಿಟಕಿಯ ಗಿಡ ಏನಾಯಿತೋ ಕೇಳುವವರೂ ಇರಲಿಲ್ಲ. ನಿಮ್ಮ ಮಗನನ್ನು ಕರೆದು, ಈ ಡಬ್ಬಿಯಲ್ಲಿ ಯಾವ ಬಟನ್ ಇತ್ತು ಎಂದು ಕೇಳಿದೆ. ಅವರು ತಮ್ಮ ಕೋಟನ್ನು ನೋಡಿಕೊಂಡರು. 'ಇದೇ. ದೊಡ್ಡದಿತ್ತು, ಅದಕ್ಕೇ ಇದನ್ನ ಇಟ್ಕೊಂಡೆ' ಎಂದರು. ಹಸಿರು ಬಟನ್. ನಾನು ತವರಿನಿಂದ ತಂದಿದ್ದ ಉಣ್ಣೆ ಕೋಟಿನದು. ಆ ಕೋಟಿಗೆ ನೀವು ಬೇರೆ ಬಟನ್‌ಗಳ ಸೆಟ್ ಹಾಕಿಕೊಟ್ಟು, 'ಒಂದು ಕಳೆದುಹೋಯ್ತು, ಅದಕ್ಕೆ ಎಲ್ಲಾ ಬದಲಾಯಿಸಿದೆ' ಎಂದಿದ್ದಿರಿ. ನಾನು ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದೆ.

ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ನನಗೆ ಗೊತ್ತು. ಬದುಕುತ್ತದೋ ಇಲ್ಲವೋ ಎನ್ನುವಾಗ ಹೇಳಿ, ಆಮೇಲೆ ಸತ್ತರೆ ಹುಡುಗಿ ಮತ್ತೊಮ್ಮೆ ಅಳುತ್ತಾಳೆ ಎಂದು ಸುಮ್ಮನಿದ್ದಿರಿ. ಅದು ಬದುಕುವ ಹೊತ್ತಿಗೆ ಹೇಳುವ ಕಾಲ ದಾಟಿತ್ತು, ಹೇಳಿದ್ದರೆ ನಿಮ್ಮ ಗತ್ತಿಗೆ ಕುಂದು. ವರ್ಷ ವರ್ಷ ಹಳೆಯದು ಮುದಿಯಾದಾಗ ಕಡ್ಡಿ ಮುರಿದು ಹೊಸದು ನೆಟ್ಟು ಉಳಿಸಿಕೊಂಡು ಬಂದಿದ್ದೀರಿ, ಕಣ್ಣು ಕಾಣದಾದ ಮೇಲೂ. ನನಗೆ ತುಂಬಾ ಸಂತೋಷವಾಗಿದೆ ಅತ್ತೆ. ಅದನ್ನು ಹೇಗೆ ಹೇಳುವುದೋ ತಿಳಿಯದೆ ಇಷ್ಟು ಉದ್ದ ಬರೆಯುತ್ತಿದ್ದೇನೆ. ಆ ಡಬ್ಬಿಯ ಪಟ್ಟಿಯ ಮೇಲೆ 'ಅಮ್ಮನ ಕಿಟಕಿ ಗಿಡ. ಬದುಕಿಸಿದ್ದು ಅತ್ತೆ' ಎಂದು ಬರೆದೆ. ನಿಮ್ಮ ಮಗ ಕೋಟು ಬಿಚ್ಚಿಕೊಟ್ಟರು, ಕೇಳುವ ಮೊದಲೇ. ಹಸಿರು ಬಟನ್ ಈಗ ಅದರ ಜಾಗದಲ್ಲಿದೆ. ಹೆಡ್ ಮೇಡಂ ಏನೆಂದರೂ ಅನ್ನಲಿ.

ಮಿಕ್ಕ ಬಟನ್‌ಗಳಲ್ಲೂ ಕೆಲವನ್ನು ಡಬ್ಬಿಯಿಂದ ಹೆಕ್ಕಿದ್ದೇವೆ, ಗಿಡ ಕೊಟ್ಟವರೇ ಬಂದು ತಮ್ಮ ತಮ್ಮ ಬಟನ್ ಗುರುತು ಹಿಡಿದರು. ಈಗ ಆ ಗಿಡಗಳಿಗೆ ಎರಡೆರಡು ಗುರುತು. ಬಟನ್ ನಿಮ್ಮ ಬೆರಳಿಗೆ, ಪಟ್ಟಿ ನಮ್ಮ ಕಣ್ಣಿಗೆ. ಇನ್ನು ಮೇಲೆ ನಿಮ್ಮ ಕಣ್ಣಿಗೂ ಎಂದು ನನ್ನ ಆಸೆ. ಒಂದು ಕಣ್ಣು ಸಾಕು ಎನ್ನುತ್ತೀರಲ್ಲ, ನಿನ್ನೆ ಸಂಜೆ ನಾನು ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಗಿಡಗಳಿಗೆ ನೀರು ಹಾಕಿ ನೋಡಿದೆ. ಮೊದಲ ಚೊಂಬು ನನ್ನ ಕಾಲಿಗೆ, ಎರಡನೆಯದು ಬೆಕ್ಕಿಗೆ. ಮೆಟ್ಟಿಲು ಇಳಿಯುವಾಗ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟು ಗೋಡೆ ಹಿಡಿದುಕೊಂಡೆ. ಸೂಜಿಗೆ ದಾರ ಪೋಣಿಸಲು ಕೂತೆ, ನಿಮ್ಮ ಮಗ ನೋಡಲಾರದೆ ಎದ್ದುಹೋದರು. ಇದನ್ನು ತಮಾಷೆಯಾಗಿ ಬರೆಯುತ್ತಿದ್ದೇನೆ, ಆದರೆ ನನಗೆ ಹೆದರಿಕೆಯಾಗಿದೆ ಅತ್ತೆ. ಗಿಡಕ್ಕಾಗಿ ನೀವು ಹೊರಟು ಬಂದು, ಆ ಕಣ್ಣು ಹೋದರೆ, ಈ ಹಿತ್ತಲನ್ನು ನಾನು ಯಾವ ಮುಖ ಹೊತ್ತು ನೋಡಲಿ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಒಂದು ವಾರ ನನ್ನ ಕಾಲ ಎಂದುಕೊಳ್ಳಿ, ನಾನು ಹೇಳಿದ್ದು ಕೇಳಿ. ಮುಂದಿನ ವಾರದಿಂದ ಮತ್ತೆ ನಿಮ್ಮದೇ.

ಭಾವನವರಿಗೆ ನಮಸ್ಕಾರ ತಿಳಿಸಿ. ಮಕ್ಕಳಿಗೆ ಮುತ್ತು, ಅಜ್ಜಿಯ ಹನಿಯ ಶೀಶೆಯನ್ನು ಆಟಕ್ಕೆ ತೆಗೆದುಕೊಂಡರೆ ಕಿವಿ ಹಿಂಡುತ್ತೇನೆಂದು ಹೇಳಿ. ಅತ್ತಿಗೆ, ಆ ಚೀಲವನ್ನು ನಿಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೈಸಿಕೊಳ್ಳುವುದು ನಾನು ನೋಡಿಕೊಳ್ಳುತ್ತೇನೆ.

ನಿಮ್ಮ ಬೈಗುಳವಿಲ್ಲದೆ ಮನೆ ಬಣಗುಟ್ಟುತ್ತಿದೆ ಎನ್ನುವ,
ನಿಮ್ಮ ಸೊಸೆ

ತಾ.ಕ. ಸೋಮವಾರ ಬೆಳಿಗ್ಗೆ. ಈ ಕಾಗದವನ್ನು ನಿಮ್ಮಲ್ಲಿಗೆ ಒಯ್ಯುವ ಬೇಕರಿಯ ವ್ಯಾನ್ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದೆ, ಬೇಗ ಬೇಗ ಬರೆಯುತ್ತೇನೆ. ನೀವು ಹೊರಡಬೇಡಿ, ಬುಧವಾರ ಸಂಜೆಯ ಬಸ್ಸಿಗೆ ನಾನೇ ಅಲ್ಲಿಗೆ ಬರುತ್ತಿದ್ದೇನೆ. ಆಪರೇಷನ್ ಆಗಿ ಪಟ್ಟಿ ಬಿಚ್ಚುವವರೆಗೂ ನಿಮ್ಮ ಪಕ್ಕದಲ್ಲೇ ಇರುತ್ತೇನೆ, ಗಿಡಗಳಿಗೆ ನೀರು ನಿಮ್ಮ ಮಗ ಹಾಕುತ್ತಾರೆ. ರಜೆ ಸಿಗುವುದಿಲ್ಲ ಎಂದುಕೊಂಡಿದ್ದೆ, ಲಾಂಡ್ರಿಯಲ್ಲಿ ಈಗ ಉಸಿರಾಡಲೂ ಬಿಡುವಿಲ್ಲ. ನಿನ್ನೆ ಸಂಜೆ ಯಜಮಾನಿಯ ಮನೆಗೇ ಹೋಗಿ ಕೇಳಿದೆ. 'ಯಾರಿಗೆ ಆಪರೇಷನ್?' ಎಂದರು. 'ಅಮ್ಮನಿಗೆ' ಎಂದುಬಿಟ್ಟೆ, ಬಾಯಿಗೆ ಹಾಗೇ ಬಂತು. ನನ್ನಮ್ಮ ಹೋದ ದಿನ ಅಂಗಡಿ ಮುಚ್ಚಿ ಬಂದು ನನ್ನ ಕೈ ಹಿಡಿದುಕೊಂಡು ಕೂತಿದ್ದವರು ಅವರು. ಆದರೂ ಯಾವ ಅಮ್ಮ ಎಂದು ಕೇಳಲಿಲ್ಲ. 'ಅವರಿಗೆ ಪೂರ್ತಿ ವಾಸಿಯಾಗೋವರೆಗೂ ಇದ್ದು ಬಾ' ಎಂದರು.